ಬೆಳ್ಯಪ್ಪಣ್ಣನ ತಗಡಿನ ಡಬ್ಬಿಗಳು

ಬೆಳ್ಯಪ್ಪಣ್ಣನ ಕೋಟು ಎಡಗಡೆಯಲ್ಲಿ ಯಾವಾಗಲೂ ಸ್ವಲ್ಪ ಉಬ್ಬಿಕೊಂಡಿರುತ್ತಿತ್ತು. ಗಾಳಿಬೀಡು ಊರಿಗೆ ಹೊಸಬರು ಅದನ್ನು ಪಿಸ್ತೂಲೆಂದು ತಿಳಿದು ದೂರ ಸರಿಯುತ್ತಿದ್ದರು, ಹಳಬರು ಬ್ರಾಂದಿಯೆಂದು ತಿಳಿದು ಹತ್ತಿರ ಬರುತ್ತಿದ್ದರು. ಇಬ್ಬರಿಗೂ ನಿರಾಸೆಯೇ. ಒಳಜೇಬಿನಲ್ಲಿ ಇರುತ್ತಿದ್ದದ್ದು ಅಂಗೈಯಗಲದ ಒಂದು ತಗಡಿನ ಡಬ್ಬಿ.

ಮಿಲಿಟರಿಯಲ್ಲಿ ತಂತಿ, ವಯರ್‌ಲೆಸ್ ನೋಡಿಕೊಳ್ಳುವ ಸಿಗ್ನಲ್ಸ್ ವಿಭಾಗದಲ್ಲಿದ್ದು ಪೆನ್ಶನ್ ಪಡೆದು ಬಂದ ಮನುಷ್ಯ ಅವರು. ಮನೆಯ ಜಗಲಿಯಲ್ಲೇ ರೇಡಿಯೊ ರಿಪೇರಿ ಮಾಡುತ್ತಿದ್ದರು. ಕೊಡಗು ಮೈಸೂರು ರಾಜ್ಯಕ್ಕೆ ಸೇರಿ ಹತ್ತು ಹನ್ನೆರಡು ವರ್ಷವಾಗಿತ್ತು. ಎಸ್ಟೇಟಿನ ಆಳುಗಳ ಲೈನುಮನೆಗಳಿಗೂ ಟ್ರಾನ್ಸಿಸ್ಟರ್ ರೇಡಿಯೊ ಬರತೊಡಗಿದ್ದ ಕಾಲ. ನಾನು ಅಲ್ಲೇ ಹತ್ತಿರದ ಒಂದು ಕಾಫಿ ಎಸ್ಟೇಟಿನಲ್ಲಿ ಲೆಕ್ಕ, ಹಾಜರಿ ಬರೆಯುವ ರೈಟರ್. ಕುಶಾಲನಗರದ ಕಡೆಯವನು. ತಮ್ಮ ದೇಶಕ್ಕೆ ಹೊರಟ ಇಂಗ್ಲಿಷ್ ಮ್ಯಾನೇಜರರೊಬ್ಬರು ಬಿಟ್ಟುಹೋದ ಗಿಟಾರೊಂದು ನನ್ನ ಹತ್ತಿರ ಇತ್ತು. ಅದಕ್ಕೆ ಹಳೆಯ ಮಿಲಿಟರಿ ಹೆಡ್‌ಫೋನಿನ ಅಯಸ್ಕಾಂತ ಕೂರಿಸಿ, ಕಾರಿನ ಬ್ಯಾಟರಿಯಿಂದ ನಡೆಯುವ ಮೈಕ್‌ಸೆಟ್ಟಿಗೆ ಜೋಡಿಸಿ ಕೊಟ್ಟವರು ಬೆಳ್ಯಪ್ಪಣ್ಣನೇ. ಆ ಸೆಟ್ಟಿನ ಹರಿದ ಸ್ಪೀಕರಿನಲ್ಲಿ ಗಿಟಾರು ಗೊರಗೊರ ಅಂದಾಗ ನನ್ನ ಹೆಂಡತಿ ಸಾವಿತ್ರಿ, 'ವಾಲಗದವ್ರು ಬಂದಂಗೈತೆ' ಎಂದು ನಕ್ಕಿದ್ದಳು. ಸ್ಪೀಕರ್ ಬದಲಾಯಿಸಲು ಬಿಡಲಿಲ್ಲ.

ಮರುವರ್ಷ ಹೆರಿಗೆಯಲ್ಲಿ ಸಾವಿತ್ರಿ ಹೋದಳು. ಮಗುವೂ ಉಳಿಯಲಿಲ್ಲ. ನಾನು ಮೂರನೆಯ ದಿನವೇ ಮಸ್ಟರಿಗೆ ಹೋಗಿ ಆಳುಗಳ ಹಾಜರಿ ಬರೆದೆ. ಜನ ಗಟ್ಟಿ ಮನುಷ್ಯ ಎಂದರು. ಗಟ್ಟಿಯೂ ಇಲ್ಲ, ಮಣ್ಣೂ ಇಲ್ಲ. ಜೋಮು ಹಿಡಿದ ಕಾಲನ್ನು ಚಿವುಟಿದರೆ ಹೇಗೋ ಹಾಗೆ, ಏನೂ ಗೊತ್ತಾಗುತ್ತಿರಲಿಲ್ಲ. ಗಿಟಾರು ಗೋಡೆಯ ಮೊಳೆಯಲ್ಲಿ ತೂಗುತ್ತಿತ್ತು. ಅಡಿಗೆ ಮಾಡಿದ ದಿನ ಊಟ, ಮಾಡದ ದಿನ ಇಲ್ಲ. ಪ್ಯಾಂಟಿಗೆ ಹಗ್ಗ ಕಟ್ಟಿಕೊಂಡು ಓಡಾಡುವ ಮಟ್ಟಕ್ಕೆ ಇಳಿದಿದ್ದೆ.

ಸಮಾಧಾನ ಹೇಳಲು ಬರದೆ ಇದ್ದವರು ಬೆಳ್ಯಪ್ಪಣ್ಣ ಒಬ್ಬರೇ. ಆರು ತಿಂಗಳ ಮೇಲೆ ಒಂದು ದಿನ ಆಫೀಸಿಗೆ ಬಂದು, ಒಳಜೇಬಿನಿಂದ ಚಪ್ಪಟೆ ಸಿಗರೇಟು ಡಬ್ಬಿ ತೆಗೆದು ನನ್ನ ಕೈಯಲ್ಲಿಟ್ಟರು. ಬೆಚ್ಚಗಿತ್ತು. ಗಿಟಾರಿನಿಂದ ಬರುವ ವಯರು ಒಂದು ಬದಿಯಿಂದ ಒಳಗೆ, ಇನ್ನೊಂದು ಬದಿಯಿಂದ ಹೊರಗೆ ಮೈಕ್‌ಸೆಟ್ಟಿಗೆ. ನಡುವೆ ಎರಡು ಟ್ರಾನ್ಸಿಸ್ಟರು, ಸಣ್ಣದೊಂದು ಸೆಲ್ಲು, ಮುಚ್ಚಳದ ಮೇಲೆ ಕಾಲಿನಲ್ಲಿ ಒತ್ತುವ ಗುಂಡಿ. ಒತ್ತಿದರೆ ಹರಿಯದ ಸ್ಪೀಕರಿನಲ್ಲೂ ಹರಿದ ಸ್ಪೀಕರಿನ ಸ್ವರವೇ ಬರುತ್ತದಂತೆ. ಸರಿ ಇದೆಯೋ ಇಲ್ಲವೋ ನೋಡಬೇಕು, ತನಗೆ ಗಿಟಾರು ಬಾರದು, ಭಾನುವಾರ ಬಂದು ನುಡಿಸಿ ತೋರಿಸಬೇಕು ಎಂದರು. ಉಪಕಾರ ಕೇಳುವವರಿಗೆ ಇಲ್ಲ ಅನ್ನಲು ನನ್ನಲ್ಲಿ ಅಷ್ಟು ಹುರುಪೂ ಇರಲಿಲ್ಲ. ಗಿಟಾರನ್ನು ಮೊಳೆಯಿಂದ ಇಳಿಸಿಕೊಂಡು ಹೋದೆ.

ಆ ಭಾನುವಾರ ಡಬ್ಬಿ ಉಸಿರೇ ಎತ್ತಲಿಲ್ಲ. ಅವರು ಕನ್ನಡಕ ಏರಿಸಿ, ಮುಚ್ಚಳ ಬಿಚ್ಚಿ, ಕೆಂಡದಲ್ಲಿ ಕಾಯಿಸಿದ ತಾಮ್ರದ ಬೆಸುಗೆ ಕಡ್ಡಿ ಹಿಡಿದು ಎರಡು ಗಂಟೆ ಹುಡುಕಿದರು. ಅಷ್ಟರಲ್ಲಿ ಅವರ ಹೆಂಡತಿ ಚಿನ್ನಮ್ಮಕ್ಕ ಊಟಕ್ಕೆ ಎಲೆ ಹಾಕಿದರು. ಎದ್ದು ಬರುವಂತಿರಲಿಲ್ಲ, ಗಿಟಾರಿನ ವಯರು ಡಬ್ಬಿಗೆ ಕಟ್ಟಿಯೇ ಇತ್ತು. ಊಟವಾದ ಮೇಲೆ ಎಲ್ಲೋ ಒಂದು ಬೆಸುಗೆ ಹಾಕಿದರು, ಡಬ್ಬಿ ಕೂಗಿತು. ನಾನು ನಾಲ್ಕು ಸಾಲು ನುಡಿಸಿದೆ. ಅವರು ಇನ್ನೂ ಸರಿಯಿಲ್ಲವೆಂದು ತಲೆ ಅಲ್ಲಾಡಿಸಿದರು.

"ಸರಿ ಇಲ್ಲೆ ಇದ್. ಬರುವ ವಾರ ಬರೊಕು ರೈಟ್ರೆ."

ಹೀಗೆ ಶುರುವಾದದ್ದು ಎರಡು ವರ್ಷ ನಡೆಯಿತು. ನಶ್ಯದ ಡಬ್ಬಿ, ಗಂಟಲು ಮಿಠಾಯಿಯ ಡಬ್ಬಿ, ಬೂಟ್ ಪಾಲಿಷಿನ ಡಬ್ಬಿ, ಒಂದಕ್ಕಿಂತ ಒಂದು ಚಿಕ್ಕದು. ಜೇಬಿಗೆ ಹಿಡಿಯದ ಸಾಮಾನು ಯುದ್ಧಕ್ಕೆ ಬಾರದು ಎನ್ನುವುದು ಅವರ ಸಿದ್ಧಾಂತ. ಚಳಿಗೆ ಟ್ರಾನ್ಸಿಸ್ಟರಿನ ಸ್ವರ ಕೆಡುತ್ತದೆಂದು ನುಡಿಸುವ ಗಳಿಗೆಯವರೆಗೂ ಡಬ್ಬಿಯನ್ನು ಎದೆಗೆ ಅಂಟಿಸಿಕೊಂಡೇ ಇರುವರು. ಕೈಗೆ ಬರುವಾಗ ಮೊಟ್ಟೆಯ ಹಾಗೆ ಬೆಚ್ಚಗಿರುತ್ತಿತ್ತು. ಆದರೆ ಪ್ರತಿ ಭಾನುವಾರ ಒಂದಲ್ಲ ಒಂದು ಕೆಟ್ಟಿರುತ್ತಿತ್ತು. ದೇಶದ ತಂತಿ ಕಾದವರು ಇವರೇ ಆಗಿದ್ದರೆ ದೇಶ ಉಳಿದದ್ದು ದೇವರ ದಯೆ ಎಂದು ನಾನು ಮನಸ್ಸಿನಲ್ಲೇ ಅಂದುಕೊಳ್ಳುತ್ತಿದ್ದೆ.

ಒಮ್ಮೆ ಮಾತ್ರ ಕೆಡಲಿಲ್ಲ. ಅವರ ನೆಂಟರ ಮನೆಯ ಮದುವೆ. ಹೆಣ್ಣು ಮನೆ ತುಂಬುವ ಹೊತ್ತಾದರೂ ವಾಲಗದವರ ಪತ್ತೆಯಿಲ್ಲ. ಅವರ ಜೀಪು ಎಲ್ಲೋ ಕೆಟ್ಟು ನಿಂತಿತ್ತು. ವಾಲಗವಿಲ್ಲದೆ ಹೊಸ್ತಿಲು ದಾಟಿಸಲು ಹಿರಿಯರು ಒಪ್ಪರು. ಹೆಣ್ಣು ಬಿಸಿಲಲ್ಲಿ ನಿಂತೇ ಇದ್ದಳು. ಬೆಳ್ಯಪ್ಪಣ್ಣ ಜೇಬಿಗೆ ಕೈ ಹಾಕಿದರು. ನನ್ನ ಗಿಟಾರನ್ನು ಯಾವಾಗ ತರಿಸಿದ್ದರೋ, ಮೈಕ್‌ಸೆಟ್ಟಿನ ಪಕ್ಕದಲ್ಲೇ ಇತ್ತು. ಗುಂಡಿ ಒತ್ತಿ, ಕೇಳಿ ಗೊತ್ತಿದ್ದ ಕುಣಿತದ ಮಟ್ಟನ್ನು ನುಡಿಸಿದೆ. ಮೊದಲು ಮುದುಕರು ಹುಬ್ಬು ಗಂಟಿಕ್ಕಿದರು. ಆಮೇಲೆ ಅವರಲ್ಲೊಬ್ಬರು ಕೈ ಮೇಲೆತ್ತಿ ಹೆಜ್ಜೆ ಹಾಕಿದರು, ಅಂಗಳವೇ ಕುಣಿಯಿತು. ಹೆಣ್ಣು ಒಳಗೆ ಬಂದಳು. ನನ್ನ ಬೆರಳು ಆಡುತ್ತಿತ್ತು, ಉಳಿದದ್ದೇನೂ ಆಡುತ್ತಿರಲಿಲ್ಲ. ಊರೆಲ್ಲ ಕುಣಿತ ನೋಡುತ್ತಿದ್ದರೆ ಬೆಳ್ಯಪ್ಪಣ್ಣ ನನ್ನ ಮುಖ ನೋಡುತ್ತಿದ್ದರು.

ಸಂಜೆ, ಇದು ಚೆನ್ನಾಗಿದೆ, ಇದನ್ನು ನನಗೇ ಕೊಡಿ ಎಂದು ಕೇಳಿದೆ. ಇನ್ನೂ ತಿದ್ದುವುದಿದೆ ಎಂದು ಹಿಂದಕ್ಕೆ ತೆಗೆದುಕೊಂಡರು. ಮುಂದಿನ ಭಾನುವಾರ ಅದೇ ಡಬ್ಬಿ ಮೂಕವಾಗಿತ್ತು. ಆಗಲಾದರೂ ನನಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ.

ಕೊನೆಯ ಸಲ ಅವರನ್ನು ಕಂಡದ್ದು ಕಾಫಿ ಕೊಯ್ಲಿನ ಕಾಲದಲ್ಲಿ. ಎದೆಯಲ್ಲಿ ಕಫ ಕಟ್ಟಿ ಮಲಗಿದ್ದರು. ಕಂಬಳಿಯ ಮೇಲೆ ಕೋಟು, ಕೋಟಿನೊಳಗೆ ಡಬ್ಬಿ. ತೆಗೆಯಲು ಹೋದರು, ಕೈ ಬರಲಿಲ್ಲ. ನಾನೇ ತೆಗೆಯುತ್ತೇನೆ ಎಂದರೆ ಬಿಡಲಿಲ್ಲ. ಚಿನ್ನಮ್ಮಕ್ಕನ ಕಡೆ ತಿರುಗಿ, "ರೈಟ್ರಿಗೆ ಎಲೆ ಹಾಕ್" ಎಂದರು. ನಾನು ಉಂಡು ಹೊರಟೆ. ಬಾಗಿಲಲ್ಲಿ, ಬರುವ ವಾರ ಬರಬೇಕು ಎಂಬ ಮಾತು ಕೇಳಿಸಿತು.

ಗುರುವಾರ ಹೋದರು. ಚಿತೆ ಉರಿದು ಮುಗಿಯುವವರೆಗೂ ನಾನು ನಿಂತಿದ್ದು ಬಂದೆ. ಆಗಲೂ ಅಳು ಬರಲಿಲ್ಲ. ಅದಕ್ಕೆ ನಾಚಿಕೆಯೂ ಆಗಲಿಲ್ಲ.

ತಿಥಿ ಮುಗಿದ ಮೇಲೆ ಚಿನ್ನಮ್ಮಕ್ಕ ದೊಡ್ಡದೊಂದು ಬಿಸ್ಕೆಟ್ ಡಬ್ಬವನ್ನು ನನ್ನ ಮುಂದಿಟ್ಟರು. ಒಳಗೆ ಹನ್ನೊಂದು ಪುಟ್ಟ ಡಬ್ಬಿ. ಎಲ್ಲವೂ ತಣ್ಣಗಿದ್ದವು. ತಣ್ಣಗಿದ್ದ ಅವನ್ನು ಮುಟ್ಟಿದ್ದು ಅದೇ ಮೊದಲು.

"ಶನಿವಾರ ಸಂಜೆ ಆದ್ರೆ ಕೂತ್ಕಂಡ್ ಒಂದ್ ವಯರ್ ಬಿಚ್ಚಿ ಇಡ್ತಿದ್ರು," ಎಂದರು ಅಕ್ಕ. "ಸರಿ ಇರುವದನ್ನ ಯಾಕೆ ಕೆಡಿಸ್ತೀರಿ ಅಂತ ನಾ ಕೇಳ್ದೆ. ಸರಿ ಆದ್ರೆ ರೈಟ್ರು ಬರುದಿಲ್ಲೆ, ಬಾರದಿದ್ರೆ ಉಣ್ಣುದಿಲ್ಲೆ ಅಂದ್ರು."

ಮನೆಗೆ ಬಂದು ಒಂದೊಂದೇ ಮುಚ್ಚಳ ತೆಗೆದೆ. ಹನ್ನೊಂದರಲ್ಲೂ ಒಂದೇ ಜಾಗದಲ್ಲಿ ಒಂದು ತಂತಿ ಬಿಟ್ಟಿತ್ತು. ಹರಿದದ್ದಲ್ಲ, ಸುಟ್ಟದ್ದಲ್ಲ. ಮತ್ತೆ ಕೂರಿಸಲು ಸುಲಭವಾಗಲಿ ಎಂದು ತುದಿಗೆ ಬೆಸುಗೆಯ ಸೀಸ ಸವರಿಟ್ಟಿದ್ದರು. ಅಷ್ಟು ಅಚ್ಚುಕಟ್ಟಾಗಿ ಕೆಡಿಸಿದ್ದನ್ನು ನಾನು ಎಲ್ಲೂ ನೋಡಿಲ್ಲ. ಆ ಮನುಷ್ಯನನ್ನು ಎರಡು ವರ್ಷ ಕೈಲಾಗದ ಮೆಕ್ಯಾನಿಕ್ ಎಂದು ತಿಳಿದಿದ್ದೆ.

ಹತ್ತಕ್ಕೆ ನಾನೇ ಬೆಸುಗೆ ಹಾಕಿದೆ. ಕಂಕುಳಲ್ಲಿಟ್ಟು ಬಿಸಿ ಮಾಡಿ ನುಡಿಸಿಯೂ ನೋಡಿದೆ, ಹತ್ತೂ ಕೂಗುತ್ತವೆ. ಹನ್ನೊಂದನೆಯದು ಕೊನೆಯ ದಿನ ಅವರ ಕೋಟಿನಲ್ಲಿದ್ದದ್ದು. ಅದನ್ನು ಹಾಗೇ ಬಿಟ್ಟಿದ್ದೇನೆ. ಭಾನುವಾರ ಬಂದರೆ ಮುಚ್ಚಳ ತೆಗೆದು, ಬಿಟ್ಟ ತಂತಿಯನ್ನು ನೋಡಿ, ಇವತ್ತೂ ಸರಿಯಿಲ್ಲ ಎಂದು ಮುಚ್ಚಿಡುತ್ತೇನೆ. ಆಮೇಲೆ ಎಲೆ ಹಾಕಿಕೊಂಡು ಊಟಕ್ಕೆ ಕೂರುತ್ತೇನೆ.