ಗ್ಲಾಸಿನಲ್ಲಿ ಕೂಸಿನ ಕಡಗ

ಇಂಡಿ ಊರಲ್ಲಿರುವ ತಂಗಿಯ ಮನೆಗೆ ಹೋದವನು ಅಡುಗೆ ಕಟ್ಟೆಯ ಮೇಲಿದ್ದ ಗಾಜಿನ ಗ್ಲಾಸು ಕಂಡು ಹಾಗೇ ನಿಂತುಬಿಟ್ಟೆ. ನೀರಿನಲ್ಲಿ ಎರಡು ಪುಟ್ಟ ಬೆಳ್ಳಿ ಕಡಗಗಳು. ಒಂದೊಂದಕ್ಕೂ ವೈರು ಸುತ್ತಿ ಬ್ಯಾಟರಿಗೆ ಜೋಡಿಸಿದ್ದರು. ತೊಟ್ಟಿಲಿಗೆ ಹಾಕಿದ ದಿನ ಸೋದರಮಾವನೆಂದು ನಾನೇ ಕೂಸಿನ ಕೈಗೆ ತೊಡಿಸಿದ್ದ ಕಡಗಗಳವು!

"ಬೆಳ್ಳಿ ನೀರು ಮಾಡಾಕತ್ತೇನ್ರಿ ಅಣ್ಣಾರ. ಮೊಬೈಲ್‌ನ್ಯಾಗ ನೋಡಿ ಕಲ್ತೇನಿ. ಎಂಥಾ ಕೆಮ್ಮಿದ್ರೂ ಹೋಗ್ತೈತಂತ್ರಿ" ಎಂದ ತಂಗಿಯ ಗಂಡ, ದೊಡ್ಡ ಸಾಧನೆ ಮಾಡಿದವನಂತೆ.

ಒಳಗೆ ಕೂಸು ಉಸಿರಿಗೆ ಒದ್ದಾಡುತ್ತಿತ್ತು. ಕೆಮ್ಮು ಹತ್ತಿದಾಗಿನಿಂದ ದವಾಖಾನೆಗೆ ಒಯ್ಯದೆ ಆ ನೀರನ್ನೇ ಚಮಚದಲ್ಲಿ ಕುಡಿಸುತ್ತಿದ್ದರಂತೆ. ನನ್ನ ಪಿತ್ತ ನೆತ್ತಿಗೇರಿತು. ಬಾಯಿಗೆ ಬಂದಂತೆ ಬೈದೆ. ತಂಗಿ ಅಳುತ್ತಾ, "ನೀನ ಹಾಕಿದ್ದ ಬೆಳ್ಳಿ ಅಣ್ಣಾ, ತವರುಮನಿದು. ಅದು ಕೂಸಿಗೆ ಹೆಂಗ ಕೇಡು ಮಾಡ್ತೈತಿ?" ಎಂದಳು. ನೀರನ್ನು ಬಚ್ಚಲಿಗೆ ಚೆಲ್ಲಿ, ಕಡಗ ಜೇಬಿಗೆ ಹಾಕಿಕೊಂಡು, ಕೂಸನ್ನು ಎತ್ತಿಕೊಂಡು ದವಾಖಾನೆಗೆ ಓಡಿದೆ.

ನ್ಯುಮೋನಿಯಾ ಆಗಿತ್ತು. ಇನ್ನಷ್ಟು ತಡಮಾಡಿದ್ದರೆ ಕಷ್ಟವಿತ್ತು ಎಂದು ಡಾಕ್ಟರು ಗದರಿದರು. ಅಷ್ಟು ಬೈಸಿಕೊಂಡ ಮೇಲೂ ನನ್ನ ಹಿಂದೆಯೇ ಬಂದಿದ್ದ ತಂಗಿಯ ಗಂಡ ಮಹಾಶಯ ಮೆಲ್ಲಗೆ ಕೇಳಿದ: "ಸಾಹೇಬ್ರ, ಔಷಧದ ಜೋಡಿ ಬೆಳ್ಳಿ ನೀರೂ ಕುಡಸಬಹುದಲ್ರಿ?"

ಕೂಸು ಈಗ ಆರಾಮಾಗಿದೆ. ಕಪ್ಪಿಟ್ಟ ಆ ಕಡಗಗಳು ಮಾತ್ರ ನನ್ನ ಕಪಾಟಿನಲ್ಲೇ ಇವೆ. ತಂಗಿ ಕೇಳಿದರೂ ಕೊಟ್ಟಿಲ್ಲ. ಕೊಟ್ಟ ಬೆಳ್ಳಿ ಕಸಿದುಕೊಂಡ ಸೋದರಮಾವ ಎಂದು ಬೀಗರು ಆಡಿಕೊಳ್ಳುತ್ತಿದ್ದಾರಂತೆ. ಆಡಿಕೊಳ್ಳಲಿ.