ಹೊಳೆಯ ಹೆಸರು ಹೇಳಿದ ಸಂಜೆ

ಗಂಡನ ಹೆಸರು ಹೇಳಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ ಎಂದು ನಮ್ಮವ್ವ ಕಲಿಸಿದ್ದಳು. ನಮ್ಮ ಓಣಿಯ ಸೋಮಣ್ಣನ ಹೆಂಡತಿ ಸೋಮವಾರವನ್ನು 'ಐತವಾರದ ಮರುದಿನ' ಎನ್ನುತ್ತಿದ್ದಳು. ಅವಳ ಪಾಲಿಗೆ ವಾರದಲ್ಲಿ ಒಂದು ದಿನ ಹೋಯಿತು, ನನ್ನ ಪಾಲಿಗೆ ಇಡೀ ಹೊಳೆ. ನನ್ನ ಗಂಡ, ಅಂದರೆ ನಿಮ್ಮ ಮುತ್ತ್ಯಾನ ಹೆಸರು ಕೃಷ್ಣಪ್ಪ; ನಮ್ಮ ರಬಕವಿಯ ಮಗ್ಗುಲಿಗೆ ಹರಿಯುವುದು ಕೃಷ್ಣಾ. ಬರೆಯಲು ಅಡ್ಡಿಯಿಲ್ಲ ಮೊಮ್ಮಕ್ಕಳೇ, ನಾಲಿಗೆಗೆ ಮಾತ್ರ ಕಟ್ಟು. ನಾನು ಬರೀ 'ಹೊಳಿ' ಎಂದೆ. ಹೊಳೆ ಬೇಸರ ಮಾಡಿಕೊಳ್ಳಲಿಲ್ಲ. ಅವರು ಹೋದ ಮೇಲೂ ಹಾಗೆಯೇ ನಡೆಯಿತು. ಆಯುಷ್ಯವೇ ತೀರಿದ ಮೇಲೆ ಏನನ್ನು ಕಾಯುತ್ತಿದ್ದೆನೋ, ನನಗೇ ತಿಳಿಯದು.

ಹಿಪ್ಪರಗಿಯಲ್ಲಿ ಬ್ಯಾರೇಜು ಆದ ಮೇಲೆ ನಿಮ್ಮವ್ವ ಖಾನಾವಳಿ ತೆರೆದಳು. ಮಗ್ಗಗಳಿಗೆ ಸೂಟಿ ಇದ್ದು ನೇಕಾರರೆಲ್ಲ ಬಿಡುವಾಗಿದ್ದ ಒಂದು ಸಂಜೆ ರಸಪ್ರಶ್ನೆ ಇಟ್ಟಳು. ಒಂದೊಂದು ಮೇಜು ಒಂದೊಂದು ತಂಡ. ಮಿರ್ಚಿ ಭಜಿ ತಿನ್ನುತ್ತ ಉತ್ತರ ಹೇಳಬೇಕು, ಗೆದ್ದ ಮೇಜಿಗೆ ಹೋಳಿಗೆ ಊಟ. ಗದ್ದಲವಾದೀತೆಂದು ಅವಳದೊಂದು ಕಾನೂನು: ಪ್ರಶ್ನೆ ಕೇಳಿದವರು ಸರಿಯುತ್ತರವನ್ನು ಬಾಯಿಬಿಟ್ಟು ಹೇಳಿದ ಮೇಲೆಯೇ ಅಂಕ. ಆದರೆ ಹಿಟ್ಟು ಕಲಸುವವರಿಗೆ, ಒಲೆಯವರಿಗೆ ಕೂಗಿ ಕೂಗಿ ಅವಳದೇ ದನಿ ಬಿದ್ದುಹೋಯಿತು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ನನ್ನ ಕೈಗೆ ಮೈಕು ಬಂತು.

ಹಳ್ಳಿಯ ಸಾಲೆಯಲ್ಲಿ ಉತ್ತರ ಗೊತ್ತಿದ್ದರೂ ಕೈ ಎತ್ತದೆ ಕುಳಿತವಳು ನಾನು. ಆ ಸಂಜೆಯ ಸೋಜಿಗ ಇವತ್ತಿಗೂ ಇಳಿದಿಲ್ಲ. ನಾನೊಂದು ಮಾತು ಕೇಳಿದರೆ ಇಡೀ ಖಾನಾವಳಿ ಕೈಯಲ್ಲಿನ ಭಜಿ ಮರೆತು ತಲೆಯೆತ್ತಿ ಸೂರು ನೋಡುತ್ತಿತ್ತು. ಒಬ್ಬೊಬ್ಬರ ತಲೆಯೊಳಗೆ ಏನೇನು ತುಂಬಿತ್ತು, ದೇವರೇ ಬಲ್ಲ. ಚಿಕ್ಕಪಡಸಲಗಿಯ ಬ್ಯಾರೇಜು ಕಟ್ಟಿದವರು ಯಾರು ಎಂದು ಕೇಳಿದರೆ, ಮೂಲೆಯಲ್ಲಿದ್ದ ರೈತರೊಬ್ಬರು ಎದ್ದು ನಿಂತು, "ನಾವ ಕಟ್ಟೇವ್ರಿ" ಎಂದರು. ಸರಕಾರಕ್ಕೆ ಕಾಯದೆ ತಾವೇ ದುಡ್ಡು ಕೂಡಿಸಿ ಹೊಳೆಯನ್ನು ತಡೆದು ನಿಲ್ಲಿಸಿದ ರೈತರು ನಮ್ಮ ಬೆಂಚಿನ ಮೇಲೆ ಕುಳಿತು ಚಹಾ ಕುಡಿಯುತ್ತಿದ್ದರು. ನನಗೆ ಮುಂದಿನ ಪ್ರಶ್ನೆ ಓದುವುದೇ ಮರೆತುಹೋಯಿತು.

ಕೊನೆಗೆ ಉಳಿದದ್ದು ನಮ್ಮ ರಬಕವಿಯ ಮೇಜು ಮತ್ತು ಬನಹಟ್ಟಿಯ ಮೇಜು. ಈ ಎರಡೂರುಗಳ ನಡುವೆ ಹಾದಿ ಕಡಿಮೆ, ಕೆಣಕಾಟ ಜಾಸ್ತಿ. ಸಮನಾಗಿದ್ದ ಇಬ್ಬರಿಗೂ ಕಡೆಯ ಚೀಟಿ ಓದಿದೆ: ಮುಧೋಳದ ಕಡೆಯಿಂದ ಬರುವ ಘಟಪ್ರಭಾ ಯಾವ ನದಿಯನ್ನು ಸೇರುತ್ತದೆ? ರಬಕವಿಯವರು ಮಲಪ್ರಭಾ ಎಂದರು. ಬನಹಟ್ಟಿಯವರು ಕೃಷ್ಣಾ ಎಂದರು.

ಬನಹಟ್ಟಿಯವರದೇ ಖರೆ ಎಂದು ಹೇಳಿ ಪಾರಾಗಲು ನೋಡಿದೆ. ಸೋಲು ಕಂಡ ರಬಕವಿಯ ಹುಡುಗನೊಬ್ಬ ಬಿಡಲಿಲ್ಲ. "ಕಾನೂನ ಅಂದ್ರ ಕಾನೂನರಿ, ಅವ್ವಾರ. ಉತ್ತರ ನಿಮ್ಮ ಬಾಯಿಂದ ಬರಬೇಕು. ಇಲ್ಲಾಂದ್ರ ಅಂಕ ಇಲ್ಲ."

ನಾನು ಚೀಟಿ ಮಡಿಸತೊಡಗಿದೆ. ಬನಹಟ್ಟಿಯ ಮೇಜಿನ ಹಿರಿಯಾಕೆಯೊಬ್ಬಳು ಕುರ್ಚಿ ಹಿಂದೆ ಸರಿಸಿದಳು. "ನಿಮ್ಮ ಊರವರನ್ನ ಗೆಲ್ಲಸಾಕತ್ತೀರೇನ್ರೀ?"

ನಿಮ್ಮವ್ವನ ಮುಖ ನೋಡಿದೆ. ಮೊದಲ ಸಲಕ್ಕೇ ಪಕ್ಷಪಾತದ ಮಾತು ಬಂದರೆ ಬನಹಟ್ಟಿಯವರು ಮತ್ತೆ ಈ ಹೊಸ್ತಿಲು ತುಳಿಯುವರೇ? ಗಂಡನ ಹೆಸರು ಹೇಳಲು ಹೆಂಗಸರಿಗೆ ಇರುವ ದಾರಿ ಒಂದೇ: ಮದುವೆ, ಬಸುರಿಯ ಕುಬಸದ ಮನೆಗಳಲ್ಲಿ ಪ್ರಾಸದ ಸಾಲು ಕಟ್ಟಿ, ಅದರೊಳಗೆ ಹೆಸರು ಹೆಣೆದು ಹೇಳುವ ಒಡಪು. ಗಂಡ ಸತ್ತವಳಿಗೆ ಒಡಪು ಹೇಳೆಂದು ಯಾರೂ ಕೇಳುವುದಿಲ್ಲ. ಆದರೂ ಕಣ್ಣು ಮುಚ್ಚಿ ಹೇಳಿಬಿಟ್ಟೆ:

"ಗುಡ್ಡ ಇಳದ ಘಟಪ್ರಭಾ ಅಡ್ಡಾದಿಡ್ಡಿ ಹರದಾಳ,
ದೊಡ್ಡ ಮನಸಿನ ನಮ್ಮವರ ಹೆಸರಿನ ಹೊಳಿ ಸೇರ್ಯಾಳ, ಕೃಷ್ಣಾ."

ಮೈಕು ಆ ಹೆಸರನ್ನು ಬೀದಿಯ ತನಕ ಒಯ್ದಿತು. ಅಷ್ಟು ದೊಡ್ಡದಾಗಿ ಅದನ್ನು ನಾನು ಯಾವತ್ತೂ ಕೇಳಿರಲಿಲ್ಲ. ಬನಹಟ್ಟಿಯ ಹಿರಿಯಾಕೆ ಕುರ್ಚಿಯನ್ನು ಮತ್ತೆ ಮುಂದೆ ಎಳೆದುಕೊಂಡಳು.

"ಅಂಕ ನಮಗ ಬಂತು. ಇನ್ನೊಂದ ಸಲ ಅನ್ರಿ ಯವ್ವಾ, ಈ ಸಲ ನಿಮಗ."

ಅಂದೆ. ಈ ಸಲ ಒಡಪಿಲ್ಲದೆ.

ಹೋಳಿಗೆಯನ್ನು ಬನಹಟ್ಟಿಯವರು ತಿಂದರು, ಮುಂದಿನ ರಸಪ್ರಶ್ನೆಗೂ ಬಂದರು. ನಾಲ್ಕು ಮಂದಿಯೆದುರು ನಾನು ಈಗಲೂ ಹೊಳಿ ಎಂದೇ ಅನ್ನುತ್ತೇನೆ. ದಂಡೆಯಲ್ಲಿ ಯಾರೂ ಇಲ್ಲದಾಗ ಮಾತ್ರ ಒಮ್ಮೊಮ್ಮೆ ಹೆಸರು ಹಿಡಿದು ಕರೆಯುತ್ತೇನೆ. ಹೊಳೆ ಓ ಎನ್ನುವುದಿಲ್ಲ. ಇರಲಿ, ಅವರೂ ನಾನು "ಏನ್ರೀ" ಎಂದಾಗ ಒಂದೇ ಸಲಕ್ಕೆ ಓಗೊಟ್ಟವರಲ್ಲ.