ಅಡವಯ್ಯ ಅಳೆದ ನೆರಳು

ಕೊಳಾಲ ಹೋಬಳಿಯ ಒಂದು ಹಳ್ಳಿಯಲ್ಲಿ ಕೆರೆಯ ತೂಬು ಎತ್ತಿ ಗದ್ದೆಗಳಿಗೆ ನೀರು ಹಂಚುವ ನೀರಗಂಟಿ ಅಡವಯ್ಯ. ಅವನ ಬಳಿ ಗಡಿಯಾರವಿರಲಿಲ್ಲ. ಬಿಸಿಲಿಗೆ ನೆಟ್ಟಗೆ ನಿಂತು, ತನ್ನ ನೆರಳು ಬಿದ್ದಷ್ಟು ದೂರವನ್ನು ತನ್ನ ಪಾದದಿಂದಲೇ ಅಳೆಯುತ್ತಿದ್ದ. ಹನ್ನೆರಡು ಅಡಿಯ ನೆರಳು ಆರಡಿಗೆ ಕುಗ್ಗಿದರೆ ಬೆಳಗಿನ ಸರದಿ ಮುಗಿಯಿತು. ಗದ್ದೆ ಪಟೇಲರದಾದರೂ ಅಷ್ಟೇ, ಗಂಡ ಸತ್ತವಳದಾದರೂ ಅಷ್ಟೇ. ಅವನ ಅಪ್ಪ, ತಾತ ಅಳೆದದ್ದೂ ಹೀಗೆಯೇ.

ಸ್ವಂತ ಜಮೀನಿಲ್ಲದ ಅಡವಯ್ಯನಿಗೆ ಆ ವರ್ಷದ ಚುನಾವಣೆಯಲ್ಲಿ ವೋಟಿರಲಿಲ್ಲ. ಮಹಾರಾಜರ ಆಳ್ವಿಕೆಯ ಆ ಕಾಲದಲ್ಲಿ ಕಂದಾಯ ಕಟ್ಟುವವರಿಗಷ್ಟೇ ವೋಟು. ಮೇಲಿನ ಬೀದಿಯ ವೃಷಭೇಂದ್ರಪ್ಪ ಗೆದ್ದರು, ಕೆಳಗಿನ ಬೀದಿಯ ಗಂಗಹನುಮಯ್ಯ ಸೋತರು. ಗೆದ್ದ ಸಂಜೆಯೇ ಸೋತವರ ಹುಲ್ಲಿನ ಬಣವೆಗೆ ಬೆಂಕಿ ಬಿತ್ತು. ಮೇಲಿನ ಬೀದಿಯವರು ಕೆಳಗಿನ ಬೀದಿಯವರ ಮುಖ ನೋಡುವುದನ್ನೇ ಬಿಟ್ಟರು.

ಮೂರನೆಯ ದಿನ ನರಸಮ್ಮನ ಸರದಿ. ಅವಳ ಗಂಡ ಗಂಗಹನುಮಯ್ಯನವರ ಪರ ಓಡಾಡಿದವನು. ಬತ್ತ ಹೊಡೆ ಕಟ್ಟಿತ್ತು. ಈಗ ನೀರು ತಪ್ಪಿದರೆ ಬರೀ ಜೊಳ್ಳು. ಅಡವಯ್ಯ ತೂಬಿನ ಬಳಿ ಬರುವಷ್ಟರಲ್ಲಿ, ಗೆದ್ದವರ ಕಡೆಯ ರೈತ ಮುದ್ದಣ್ಣ ದೊಣ್ಣೆ ಹಿಡಿದು ನಿಂತಿದ್ದ.

"ಆವಮ್ಮನ ಗದ್ದೆಗೆ ನೀರಿಲ್ಲ. ತೂಬು ಮುಟ್ಬ್ಯಾಡ."

"ವೋಟು ನಿಮ್ದು ಕಣ್ಲಾ. ಸರದಿ ಕೆರೇದು."

ಮುದ್ದಣ್ಣ ದೊಣ್ಣೆ ಬೀಸಿದ. ಅಡವಯ್ಯನ ಬಲಗೈ ಮೂಳೆ ಮುರಿಯಿತು. ಆ ದಿನ ತೂಬು ತೆರೆಯಲಿಲ್ಲ.

ಮನೆಯಲ್ಲಿ ಹೆಂಡತಿ ಮುನಿಯಮ್ಮ ಬಿದಿರಿನ ದಬ್ಬೆ ಇಟ್ಟು ಕೈ ಕಟ್ಟಿದಳು.

"ನಾಳೆ ಇನ್ನೊಂದ್ ಕೈನೂ ಮುರಿಸ್ಕಳಾಕೆ ಹೋಯ್ತೀಯಾ?"

"ಇನ್ನೊಂದ್ ಐತಲ್ಲ, ಅದುಕ್ಕೇ ಹೋಯ್ತೀನಿ."

"ಒಂದೇ ಕೈನಾಗೆ ತೂಬು ಎತ್ತಾನಂತೆ, ಗಂಡುಗಲಿ! ನಾನೂ ಬತ್ತೀನಿ ನಡಿ."

ಬೆಳಿಗ್ಗೆ ಗಂಡ ಹೆಂಡತಿ ಸೊಂಟದ ಮಟ್ಟ ನೀರಿಗಿಳಿದು ತೂಬು ಎತ್ತಿದರು. ಕಾಲುವೆಯಲ್ಲಿ ನೀರು ಹರಿದ ಸದ್ದಿಗೆ ಎರಡು ಬೀದಿಯವರೂ ಏರಿಯ ಮೇಲೆ ಸೇರಿದರು. ಮುದ್ದಣ್ಣನೂ ದೊಣ್ಣೆ ಹಿಡಿದು ಬಂದ. ಅಡವಯ್ಯ ತನ್ನ ನೆರಳನ್ನು ಒಮ್ಮೆ ಅಳೆದು, ಅವನ ಎದುರಿಗೆ ನಿಂತ.

"ಹೊಡಿ, ಬ್ಯಾಡ ಅನ್ನಾಕಿಲ್ಲ. ನರಸಮ್ಮನ್ದು ಆದ್ಮ್ಯಾಲೆ ನಿನ್ ಗದ್ದೆ. ನನ್ನ ಕೆಡವ್ಬುಟ್ಟು, ನೆರಳು ಅಳೆಯಾಕೆ ಇನ್ನೊಬ್ಬನ್ನ ಕರ್ಕಂಬಾ. ಎರಡು ಬೀದಿಯೋರೂ ಒಪ್ಪೋನಾಗ್ಬೇಕು."

ಮುದ್ದಣ್ಣ ಏರಿಯ ಉದ್ದಕ್ಕೂ ಕಣ್ಣಾಡಿಸಿದ. ಒಬ್ಬೊಬ್ಬರೂ ಒಂದೊಂದು ಕಡೆಯವರು. ಇಡೀ ಊರಿನಲ್ಲಿ ಎಲ್ಲರೂ ಒಪ್ಪುವಂಥವನು ಕೈ ಮುರಿದುಕೊಂಡು ಎದುರಿಗೇ ನಿಂತಿದ್ದ. ದೊಣ್ಣೆ ತಾನಾಗಿ ಕೆಳಗಿಳಿಯಿತು.

ನೆರಳು ಆರಡಿಗೆ ಬಂದಾಗ ಅಡವಯ್ಯ ಕೂಗಿದ: "ಲೇ ಮುದ್ದಣ್ಣ, ಗುದ್ದಲಿ ತತ್ತಾ. ನಿನ್ ಸರದಿ." ಅವನಿಗೂ ಅಳತೆಯಲ್ಲಿ ಬೆರಳಗಲ ಕಡಿಮೆಯಾಗಲಿಲ್ಲ.

ಅಡವಯ್ಯನ ಕೈ ಕೊನೆಯವರೆಗೂ ಸೊಟ್ಟಗೇ ಉಳಿಯಿತು. ಸ್ವಾತಂತ್ರ್ಯ ಬಂದ ಮೇಲೆ, ಅವನ ಬದಲು ತೂಬು ಎತ್ತುತ್ತಿದ್ದ ಮುದ್ದಣ್ಣನೇ ಸುದ್ದಿ ತಂದ:

"ಇನ್ಮ್ಯಾಲೆ ಎಲ್ರಿಗೂ ವೋಟಂತೆ ಕಣಣ್ಣ. ನಿಂಗೂ ಬತ್ತದೆ."

"ಬರ್ಲಿ ಬುಡು. ಹಾಕ್ಬುಟ್ಟು ಸೀದಾ ತೂಬಿನ್ತಾಕೆ ಬತ್ತೀನಿ."